ಗುಡ್ಡಕ್ಕೆ ಧಣಿ ಯಾರು?

ಸಂಡೂರಿನಲ್ಲಿ ಗುಡ್ಡದ ಮಾತು ತೆಗೆದರೆ ಮೊದಲು ಬರುವುದು ಧಣಿಗಳ ಹೆಸರು. ಇದು ಘೋರ್ಪಡೆಯವರದು, ಅದು ಎನ್‌ಎಂಡಿಸಿಯದು, ಆ ತುದಿಯದು ಕೋರ್ಟು ರದ್ದು ಮಾಡಿದ ಲೀಸು, ಈಚೆಯದು ಹರಾಜಾದದ್ದು. ಹಳೆಯ ಹೆಸರುಗಳು ಇಲ್ಲವೆಂದಲ್ಲ. ದೇವದಾರಿ, ಸ್ವಾಮಿಮಲೆ, ರಾಮನಮಲೆ, ದೋಣಿಮಲೆ ಎಂದು ಎಷ್ಟು ಚೆಂದದ ಹೆಸರುಗಳಿವೆ. ಆದರೆ ವಾದಕ್ಕೆ ಕುಳಿತರೆ ಜನ ಮಾಲೀಕರ ಹೆಸರು ಹಿಡಿದೇ ಮಾತಾಡುತ್ತಾರೆ. ಅಗೆಯುವವನು ಒಳ್ಳೆಯವನೋ ಕೆಟ್ಟವನೋ, ಕಾನೂನು ಪಾಲಿಸುವವನೋ ಮುರಿಯುವವನೋ, ನಮ್ಮೂರವನೋ ಹೊರಗಿನವನೋ ಎಂಬುದರ ಸುತ್ತಲೇ ಇಲ್ಲಿನ ಚರ್ಚೆ ದಶಕಗಳಿಂದ ಗಿರಕಿ ಹೊಡೆದಿದೆ. ಈ ಕಾಡನ್ನು ಅಗೆಯಲೇಬೇಕೇ ಎಂಬ ಪ್ರಶ್ನೆ ಗಟ್ಟಿಯಾಗಿ ಕೇಳಿಸತೊಡಗಿದ್ದು ಈಚೆಗೆ. ಎಲ್ಲಕ್ಕಿಂತ ಮೊದಲು ಕೇಳಬೇಕಾಗಿದ್ದ ಪ್ರಶ್ನೆ ಅದೇ ಎಂಬುದು ನನ್ನ ವಾದ.

ಬಳ್ಳಾರಿ ಜಿಲ್ಲೆ ಎಂದರೆ ಬಿಸಿಲು, ಬಂಡೆ, ಜಾಲಿ ಎಂದುಕೊಂಡು ಬಂದವರಿಗೆ ಮಳೆಗಾಲದ ಸಂಡೂರು ಬೇರೆಯದೇ ಸೀಮೆ. ಎರಡು ಕಡೆ ಉದ್ದಕ್ಕೆ ಗುಡ್ಡದ ಸಾಲು, ನಡುವೆ ಕಣಿವೆ. ನಾರಿಹಳ್ಳ ಆ ಸಾಲುಗಳನ್ನು ಭೀಮಗಂಡಿಯಲ್ಲೂ ಓಬಳಗಂಡಿಯಲ್ಲೂ ಸೀಳಿಕೊಂಡು ಹರಿಯುತ್ತದೆ. ಗುಡ್ಡದ ನೆತ್ತಿಯಲ್ಲಿ ಹುಲ್ಲು, ಇಳಿಜಾರಿನಲ್ಲಿ ದಿಂಡಿಗ, ಕಮರ, ಮುತ್ತುಗ, ಅಲ್ಲಲ್ಲಿ ಶ್ರೀಗಂಧ, ಬುಡದಲ್ಲಿ ಸೀತಾಫಲದ ಪೊದೆ. ಕರಡಿ, ಚಿರತೆ, ಕೊಂಡುಕುರಿ, ಚಿಪ್ಪುಹಂದಿ ಇಲ್ಲಿ ಇವತ್ತಿಗೂ ಇವೆ. ಸೆಪ್ಟೆಂಬರಿನಲ್ಲಿ ಸಂಡೂರು ನೋಡಬೇಕು ಎಂದು ಗಾಂಧೀಜಿ ಹೇಳಿದ್ದರೆಂದು ಊರವರು ಈಗಲೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅವರು ಇಲ್ಲಿಗೆ ಬಂದದ್ದು 1934ರಲ್ಲಿ.

ಈ ಹಸಿರಿನ ಅಡಿಯಲ್ಲೇ ಕಬ್ಬಿಣ ಮತ್ತು ಮ್ಯಾಂಗನೀಸ್. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಸೀಮೆಯ ಶಿಲೆಗಳ ಕುರಿತ ತನ್ನ ಗ್ರಂಥವನ್ನು ಹೊರತಂದದ್ದು 1895ರಲ್ಲಿ. ಅಲ್ಲಿಂದ ಹೆಚ್ಚು ಕಾಲವಾಗುವ ಮೊದಲೇ ವಿದೇಶಿ ಕಂಪನಿಯೊಂದು ಮ್ಯಾಂಗನೀಸ್ ಹುಡುಕಿಕೊಂಡು ಸಂಡೂರು ಸಂಸ್ಥಾನಕ್ಕೆ ಬಂತು. ಆಗ ಗುಡ್ಡ ದೊರೆಯದು. ಒಪ್ಪಿಗೆ ಕೊಡಬೇಕಾದವರೂ ಒಬ್ಬರೇ, ರಾಜಧನ ಪಡೆಯುವವರೂ ಒಬ್ಬರೇ.

ಗುಡ್ಡ ಊರವರದೂ ಆಗಿತ್ತು, ಬೇರೆ ರೀತಿಯಲ್ಲಿ. ಸ್ವಾಮಿಮಲೆಯ ಮೇಲೆ ಕುಮಾರಸ್ವಾಮಿಯ ಗುಡಿ ಇದೆ, ಅದರ ಪಕ್ಕದಲ್ಲಿ ಅದಕ್ಕಿಂತ ಹಳೆಯ ಪಾರ್ವತಿ ಗುಡಿ. ಇಲ್ಲಿ ಭಕ್ತರು ಹಣೆಗೆ ಹಚ್ಚಿಕೊಳ್ಳುವ ವಿಭೂತಿ ಸುಟ್ಟ ಬೆರಣಿಯದಲ್ಲ. ಗುಡ್ಡದಲ್ಲೇ ಸಿಗುವ ಬಿಳಿಮಣ್ಣು. ತಾಯಿಯ ಮೇಲೆ ಮುನಿದ ಕುಮಾರ ಕುಡಿದ ಎದೆಹಾಲನ್ನೆಲ್ಲ ಕಕ್ಕಿಬಿಟ್ಟ, ಅದೇ ಈ ಮಣ್ಣಾಯಿತು ಎಂಬುದು ಸ್ಥಳದ ಕಥೆ. ಜಾತ್ರೆಗೆ ಬಂದವರು ಅದನ್ನು ಚಿಟಿಕೆ ಚಿಟಿಕೆಯಾಗಿ ಕಾಗದದಲ್ಲಿ ಕಟ್ಟಿಕೊಂಡು ಊರಿಗೆ ಒಯ್ಯುತ್ತಾರೆ. ಬೆರಳ ತುದಿಗೆ ಅಂಟಿದರೆ ಹಿಟ್ಟಿನಷ್ಟು ನುಣುಪು. ಅದೇ ಗುಡ್ಡದ ಮತ್ತೊಂದು ಮೈಯಿಂದ ಟಿಪ್ಪರ್‌ಗಳು ಕೆಂಪುಮಣ್ಣು ಹೊರುತ್ತಿರುತ್ತವೆ. ಸಂಡೂರಿನ ಜಗಳವನ್ನು ಬಳ್ಳಾರಿ, ಬೆಂಗಳೂರುಗಳಲ್ಲಿ ಕುಳಿತು ಬರೀ ಟನ್ನುಗಳ ಲೆಕ್ಕವೆಂದು ಓದುವವರು ಗುಡಿಯ ಬಳಿಯ ಈ ಬಿಳಿಮಣ್ಣಿನ ಗುಂಡಿಯನ್ನು ಒಮ್ಮೆ ನೋಡಬೇಕು.

ಯಶವಂತರಾವ್ ಘೋರ್ಪಡೆ ಸಂಡೂರಿನ ಕೊನೆಯ ದೊರೆ. 1932ರಲ್ಲಿ ಅವರು ಈ ಗುಡಿಯನ್ನು ದಲಿತರಿಗೆ ತೆರೆದರು. ಆ ಕಾಲಕ್ಕೆ ಅದು ಸಣ್ಣ ಮಾತಾಗಿರಲಿಲ್ಲ. 1949ರಲ್ಲಿ ಸಂಸ್ಥಾನ ವಿಲೀನವಾಯಿತು. ಐದು ವರ್ಷದ ಬಳಿಕ, 1954ರಲ್ಲಿ, ಸಂಡೂರು ಮ್ಯಾಂಗನೀಸ್ ಮತ್ತು ಐರನ್ ಓರ್ಸ್ ಕಂಪನಿ ಹುಟ್ಟಿತು. ರಾಜ್ಯ ಹೋಯಿತು, ಲೀಸು ಬಂತು. ಮನೆತನ ಅದೇ ಉಳಿಯಿತು. ಕಾಲಕಾಲಕ್ಕೆ ಒಂದಷ್ಟು ಪ್ರದೇಶ ಸರ್ಕಾರಕ್ಕೆ ಮರಳಿಸಿದ ಮೇಲೂ ಕಂಪನಿಯ ಬಳಿ ಹೆಚ್ಚುಕಡಿಮೆ 2,000 ಹೆಕ್ಟೇರ್ ಗುಡ್ಡ ಉಳಿದುಕೊಂಡಿತು. ಅದರಲ್ಲಿ ಬಹುಪಾಲು ಕಾಡು.

ಅವರ ಮಗ ಎಂ.ವೈ. ಘೋರ್ಪಡೆಯವರನ್ನು ಬಿಟ್ಟು ಸಂಡೂರಿನ ಕಥೆ ಹೇಳಲಾಗದು. ಕೇಂಬ್ರಿಜ್‌ನಲ್ಲಿ ಓದಿದವರು, ಸಂಡೂರಿನ ಶಾಸಕರು, ದೇವರಾಜ ಅರಸು ಸಂಪುಟದಲ್ಲಿ ಹಣಕಾಸು ಸಚಿವರು, ಮುಂದೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆಯ ಸಚಿವರು. ಜೊತೆಗೆ ದೇಶವೇ ಮೆಚ್ಚಿದ ವನ್ಯಜೀವಿ ಛಾಯಾಗ್ರಾಹಕರು. ‘ಸನ್‌ಲೈಟ್ ಆ್ಯಂಡ್ ಶ್ಯಾಡೋಸ್’ ಎಂಬ ಅವರ ಪುಸ್ತಕ 1983ರಲ್ಲಿ ಬಂತು. ಮರೆಯಲ್ಲಿ ಕುಳಿತು ಬೆಳಕಿಗಾಗಿ, ಪ್ರಾಣಿಯ ಒಂದು ಹೊರಳಿಗಾಗಿ ಕಾಯುವ ಸಹನೆ ಇಲ್ಲದವರಿಗೆ ಅವರ ಕಪ್ಪು-ಬಿಳುಪು ಚಿತ್ರಗಳಂಥವು ದಕ್ಕುವುದಿಲ್ಲ. ಕಾಡನ್ನು ಅಷ್ಟು ಹತ್ತಿರದಿಂದ ಬಲ್ಲವರು ಗಣಿ ಕಂಪನಿಯನ್ನು ಮುನ್ನಡೆಸಿದ ಮನೆತನದವರೂ ಆಗಿದ್ದರು. ಇದನ್ನು ಬೂಟಾಟಿಕೆ ಎಂದು ತಳ್ಳಿಹಾಕುವುದು ಸುಲಭ. ನಾನು ಹಾಗೆ ಎಣಿಸುವುದಿಲ್ಲ. ಅವರ ಕಾಲದಲ್ಲಿ ಅಗೆತ ನಿಧಾನವಾಗಿತ್ತು, ಲೀಸಿನ ಬಹುಭಾಗದಲ್ಲಿ ಮರ ನಿಂತಿತ್ತು. ಶಾಲೆ ನಡೆಯಿತು, ಲಂಬಾಣಿ ಹೆಣ್ಣುಮಕ್ಕಳ ಕಸೂತಿಗೆ ಕುಶಲಕಲಾ ಕೇಂದ್ರ ಬಂತು. ಸಂಡೂರು ಲಂಬಾಣಿ ಕಸೂತಿಗೆ ಮುಂದೆ ಭೌಗೋಳಿಕ ಮಾನ್ಯತೆಯೂ ಸಿಕ್ಕಿತು. ಇವೆಲ್ಲ ನಿಜ.

ಇನ್ನೊಂದು ನಿಜವೂ ಇದೆ. 1973ರಲ್ಲಿ ಸಂಡೂರಿನ ಇನಾಂ ಜಮೀನಿನ ರೈತರು ಬೀದಿಗಿಳಿದರು. ತಲೆಮಾರುಗಳಿಂದ ಉತ್ತ ಭೂಮಿ ತಮ್ಮದಾಗಬೇಕೆಂಬುದು ಬೇಡಿಕೆ. ಸಮಾಜವಾದಿಗಳು ಬೆನ್ನಿಗೆ ನಿಂತರು, ಸತ್ಯಾಗ್ರಹಿಗಳು ಜೈಲು ಸೇರಿದರು. ‘ಉಳುವವನೇ ಹೊಲದೊಡೆಯ’ ಎಂದು ಹೊರಟಿದ್ದ ಸರ್ಕಾರದಲ್ಲೇ ಅವರ ಊರಿನ ಧಣಿ ಹಣಕಾಸು ಸಚಿವರಾಗಿದ್ದರು. ಕನ್ನಡ ನಾಡಿನ ರೈತ ಚಳವಳಿಯ ಕಥೆಯಲ್ಲಿ ಕಾಗೋಡಿಗೆ ಸಿಕ್ಕ ಜಾಗ ಸಂಡೂರಿಗೆ ಸಿಕ್ಕಿಲ್ಲ. ಯುವ ವಿದ್ವಾಂಸರು ಹಳ್ಳಿ ಹಳ್ಳಿ ತಿರುಗಿ ಆ ಹೋರಾಟವನ್ನು ದಾಖಲಿಸದೇ ಹೋಗಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ.

ನನಗೆ ಆ ಹೋರಾಟದಲ್ಲಿ ಮುಖ್ಯವಾಗಿ ಕಾಣುವುದು ಅದು ಕೇಳದೆ ಬಿಟ್ಟ ಪ್ರಶ್ನೆ. ಹೊಲ ಯಾರದು ಎಂದು ರೈತರು ಕೇಳಿದರು. ಗುಡ್ಡ ಯಾರದು ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯ ಆಗ ಕಾಣಲೂ ಇಲ್ಲ. ಸೌದೆ, ಹುಲ್ಲು, ಸೀತಾಫಲ, ದನದ ಮೇವು ಎಲ್ಲ ನಡೆಯುತ್ತಿತ್ತು. ಹೊಲಕ್ಕೆ ಪಹಣಿ ಇದೆ, ಗೇಣಿ ರಸೀದಿ ಇದೆ, ಭೂ ನ್ಯಾಯಮಂಡಳಿ ಇದೆ. ಗುಡ್ಡವನ್ನು ನಂಬಿ ಬದುಕಿದವರ ಕೈಯಲ್ಲಿ ಯಾವ ಕಾಗದವೂ ಇರಲಿಲ್ಲ. ಹೀಗಾಗಿ ಗುಡ್ಡದ ಮೇಲಿನ ಹಕ್ಕು ದೊರೆಯಿಂದ ಕಂಪನಿಗೆ, ಕಾಗದದ ಮೇಲೆ ಸರ್ಕಾರಕ್ಕೆ, ಲೀಸಿನ ಮೂಲಕ ಮತ್ತೆ ಕಂಪನಿಗೆ ಸುತ್ತುತ್ತ ಹೋಯಿತು.

2003ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ 11,620 ಚದರ ಕಿಲೋಮೀಟರ್ ಪ್ರದೇಶವನ್ನು ಖಾಸಗಿ ಗಣಿಗಾರಿಕೆಗೆ ಮುಕ್ತ ಮಾಡಿತು. ಚೀನಾ ಅದಿರು ಕೊಳ್ಳಲು ನಿಂತಿತ್ತು. ಆಮೇಲಿನದನ್ನು ಕನ್ನಡದ ಓದುಗರಿಗೆ ವಿವರಿಸಬೇಕಿಲ್ಲ. ಪಟ್ಟಾ ಜಮೀನಿನಲ್ಲಿ ನೆಲ ಕೆರೆದರೂ ಅದಿರು ಸಿಕ್ಕಿತು, ಹೊಲಗಳು ರಾತ್ರೋರಾತ್ರಿ ಗಣಿಗಳಾದವು, ಗಣಿ ಧಣಿಗಳು ಮಂತ್ರಿಗಳಾದರು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ 2011ರ ಜುಲೈ 27ರಂದು ಬಂತು. 16,085 ಕೋಟಿ ರೂಪಾಯಿ ನಷ್ಟದ ಅಂದಾಜು ಅದರಲ್ಲಿತ್ತು. ಎರಡೇ ದಿನದಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಅರ್ಜಿ ಹಾಕಿದ್ದು ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನಾ ಸಮುದಾಯ.

ಆ ಎಂಟು ವರ್ಷ ಸಂಡೂರಿನವರ ಮನಸ್ಸಿನಲ್ಲಿ ಒಂದು ಅಳತೆಗೋಲನ್ನು ನಿಲ್ಲಿಸಿಬಿಟ್ಟಿತು. ಹೊಸ ಧಣಿಗಳ ಅಬ್ಬರ ಕಂಡವರಿಗೆ ಹಳೆಯ ಧಣಿ ದೇವರಂತೆ ಕಂಡರು. ಎಂ.ವೈ. ಘೋರ್ಪಡೆ ತೀರಿಕೊಂಡದ್ದೂ 2011ರ ಅಕ್ಟೋಬರಿನಲ್ಲೇ. ಅವರಿದ್ದಾಗ ಹೀಗಿರಲಿಲ್ಲ ಎಂಬ ಮಾತು ಊರಿನಲ್ಲಿ ಈಗಲೂ ಕೇಳುತ್ತದೆ. ಅದರಲ್ಲಿ ಹುರುಳೂ ಇದೆ. ಆದರೆ ಒಬ್ಬ ಧಣಿಯ ಸಂಯಮ ಆ ಧಣಿಯೊಂದಿಗೇ ಹೋಗುತ್ತದೆ. ಅವರು ಅಗೆಯದೆ ಬಿಟ್ಟ ಕಾಡನ್ನು ಮುಂದಿನವರೂ ಅಗೆಯಬಾರದೆಂದು ಹೇಳುವ ಒಂದು ಸಾಲು ಯಾವ ಲೀಸಿನಲ್ಲೂ ಇಲ್ಲ. ಅವರ ಬಳಿಕದ ವರ್ಷಗಳಲ್ಲಿ ಅದೇ ಕಂಪನಿಯ ಕಬ್ಬಿಣದ ಅದಿರಿನ ವಾರ್ಷಿಕ ಮಿತಿ 16 ಲಕ್ಷ ಟನ್ನಿನಿಂದ ಎರಡು ಪಟ್ಟಿಗೂ ಹೆಚ್ಚಾಯಿತು. ಎಲ್ಲ ಕಾನೂನಿನ ಪ್ರಕಾರವೇ, ಎಲ್ಲ ಅನುಮತಿ ಪಡೆದೇ. ಸಂಡೂರಿನ ಪರಿಸರ ಹೋರಾಟಗಾರರಿಗೂ ಕಂಪನಿಯ ಬೆಂಬಲಿಗರಿಗೂ ಈಗ ನಡೆದಿರುವ ವಾದದ ತಿರುಳು ಇದು. ಕಾನೂನು ಮುರಿಯದ ಗಣಿಯನ್ನು ಯಾಕೆ ವಿರೋಧಿಸುತ್ತೀರಿ ಎಂದು ಒಂದು ಪಕ್ಷ ಕೇಳುತ್ತದೆ. ಲಾರಿಯಲ್ಲಿ ಹೋದ ಗುಡ್ಡಕ್ಕೆ ಪರ್ಮಿಟ್ ಇದ್ದರೇನು, ಇಲ್ಲದಿದ್ದರೇನು ಎಂದು ಇನ್ನೊಂದು ಪಕ್ಷ ಕೇಳುತ್ತದೆ.

ಪರ್ಮಿಟ್ ಇದ್ದರೆ ಬಹಳ ವ್ಯತ್ಯಾಸವಾಗುತ್ತದೆ ಎಂದು ನಾನು ಒಪ್ಪುತ್ತೇನೆ. ಆಗ ತೂಕ ಆಗುತ್ತದೆ, ತೆರಿಗೆ ಬರುತ್ತದೆ, ರಸ್ತೆಗೆ ನೀರು ಹೊಡೆಯುತ್ತಾರೆ. ಆದರೆ ಗುಡ್ಡದ ಬುಡದ ಮೆಕ್ಕೆಜೋಳದ ಗರಿಯ ಮೇಲೆ ಬೆರಳಾಡಿಸಿದರೆ ಅಂಟುವ ಕೆಂಪು ದೂಳು ಯಾವ ಗಣಿಯದೆಂದು ಹೇಳಲು ಬರುವುದಿಲ್ಲ. ಲಾರಿ ಓಡುವ ದಾರಿಯ ಅಂಚಿನ ಹೊಲದಲ್ಲಿ ಹತ್ತಿ ಬಿಟ್ಟರೆ ಅರಳೆಗೂ ಅದೇ ಬಣ್ಣ. ಮಾರುಕಟ್ಟೆಯಲ್ಲಿ ದರ ಕಡಿಮೆ ಕೇಳುತ್ತಾರೆ. ಮಳೆ ಬಿದ್ದಾಗ ಡಂಪಿನ ಮಣ್ಣು ಹಳ್ಳಕ್ಕೆ ಇಳಿದು ನೀರು ಕೆಂಪಾಗುತ್ತದೆ, ಕೆರೆಯ ತಳ ಮೇಲೇರುತ್ತದೆ. ಈ ಲೆಕ್ಕ ವೇ ಬ್ರಿಜ್ಜಿನಲ್ಲಿ ಸಿಗುವುದಿಲ್ಲ.

ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2013ರ ಏಪ್ರಿಲ್ 18ರಂದು. ಲೀಸುಗಳನ್ನು ಎ, ಬಿ, ಸಿ ಎಂದು ಮೂರು ಗುಂಪು ಮಾಡಿ, ಹೆಚ್ಚು ತಪ್ಪು ಮಾಡಿದ ಸಿ ಗುಂಪಿನ ಲೀಸುಗಳನ್ನು ರದ್ದು ಮಾಡಲಾಯಿತು. ಬಳ್ಳಾರಿ ಜಿಲ್ಲೆಗೆ ವರ್ಷಕ್ಕೆ ಎರಡೂವರೆ ಕೋಟಿ ಟನ್ನಿನ ಮಿತಿ ಬಂತು. ಕೆಟ್ಟುಹೋದದ್ದನ್ನು ಸರಿಪಡಿಸಲು ನಿಧಿ, ಅದನ್ನು ಖರ್ಚು ಮಾಡಲು ಪ್ರತ್ಯೇಕ ನಿಗಮ, ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆ. ದೇಶದಲ್ಲಿ ಬೇರೆ ಯಾವ ಗಣಿ ಸೀಮೆಗೂ ಇಂಥ ಕಟ್ಟುನಿಟ್ಟು ಬಂದಿರಲಿಲ್ಲ. ಆ ಮಿತಿ ಮುಂದೆ ಏರುತ್ತ ಹೋಗಿ 2022ರಲ್ಲಿ ಮೂರೂವರೆ ಕೋಟಿ ಟನ್ನಿಗೆ ಮುಟ್ಟಿತು. ಅದೇ ವರ್ಷ ಅದಿರು ರಫ್ತಿನ ಮೇಲಿದ್ದ ತಡೆಯೂ ತೆರವಾಯಿತು.

ಅದೇ ದಿನ, 2013ರ ಏಪ್ರಿಲ್ 18ರಂದೇ, ಅದೇ ನ್ಯಾಯಾಲಯ ಇನ್ನೊಂದು ಗಣಿ ತೀರ್ಪು ಕೊಟ್ಟಿತು. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ತೆಗೆಯಬೇಕೇ ಬೇಡವೇ ಎಂಬುದು ಅಲ್ಲಿನ ಪ್ರಶ್ನೆ. ಬೆಟ್ಟದ ಜನರ ದೇವರು, ಅವರ ಬದುಕು ಅಲ್ಲಿವೆ. ಗ್ರಾಮಸಭೆಗಳನ್ನೇ ಕೇಳಿ ಎಂದು ನ್ಯಾಯಾಲಯ ಹೇಳಿತು. ಆ ಮಳೆಗಾಲದಲ್ಲಿ 12 ಹಳ್ಳಿಗಳ ಗ್ರಾಮಸಭೆ ಸೇರಿತು, ಹನ್ನೆರಡೂ ಬೇಡವೆಂದವು. ಗಣಿ ನಿಂತಿತು. ನಿಯಮಗಿರಿಯಲ್ಲಿ ಬೆಟ್ಟವನ್ನು ಅಗೆಯಬೇಕೇ ಎಂದು ಕೇಳಲಾಯಿತು. ಬಳ್ಳಾರಿಯಲ್ಲಿ ಯಾರು, ಎಷ್ಟು, ಹೇಗೆ ಅಗೆಯಬೇಕೆಂದು ತೀರ್ಮಾನಿಸಲಾಯಿತು. ಎರಡು ಮೊಕದ್ದಮೆಗಳ ಹಿನ್ನೆಲೆ ಬೇರೆ, ಎದುರಿದ್ದ ಕಾನೂನಿನ ಪ್ರಶ್ನೆಗಳೂ ಬೇರೆ, ಅದನ್ನು ಬಲ್ಲೆ. ಆದರೂ ಕುಮಾರಸ್ವಾಮಿ ಗುಡ್ಡದ ಸುತ್ತಲಿನ ಹಳ್ಳಿಗಳಿಗೆ ಆ ಅವಕಾಶ ಯಾಕೆ ಬರಲಿಲ್ಲ ಎಂದು ಕೇಳದಿರಲು ನನಗೆ ಆಗುತ್ತಿಲ್ಲ. ಪಂಚಾಯತ್ ರಾಜ್ ಖಾತೆಯನ್ನು ನೋಡಿಕೊಂಡ ಮಂತ್ರಿಯ ಊರಲ್ಲವೇ ಇದು?

ಸಂಡೂರಿಗೆ ಸಿಗುವುದು ಸಾರ್ವಜನಿಕ ಅಹವಾಲು ಸಭೆ. ಹೊಸ ಗಣಿಗೋ ವಿಸ್ತರಣೆಗೋ ಮುಂಚೆ ಮಾಲಿನ್ಯ ನಿಯಂತ್ರಣ ಮಂಡಳಿ ಶಾಮಿಯಾನ ಹಾಕಿಸುತ್ತದೆ, ಜಿಲ್ಲಾಡಳಿತದ ಅಧಿಕಾರಿ ವೇದಿಕೆಯಲ್ಲಿ ಕೂರುತ್ತಾರೆ, ವಿಡಿಯೊ ಚಿತ್ರೀಕರಣವಾಗುತ್ತದೆ. ಪರ ಮಾತಾಡುವವರು ಉದ್ಯೋಗ ಎನ್ನುತ್ತಾರೆ, ವಿರೋಧಿಸುವವರು ದೂಳು ಎನ್ನುತ್ತಾರೆ, ಇನ್ನು ಕೆಲವರು ನಮ್ಮೂರಿಗೆ ಆಂಬುಲೆನ್ಸ್ ಕೊಡಿಸಿ, ಶಾಲೆಗೆ ಕೊಠಡಿ ಕಟ್ಟಿಸಿ ಎನ್ನುತ್ತಾರೆ. ಎಲ್ಲವೂ ನಡಾವಳಿಯಲ್ಲಿ ದಾಖಲಾಗಿ ಕಡತ ಮೇಲಕ್ಕೆ ಹೋಗುತ್ತದೆ. ಸಭೆ ಹೇಳಿದ್ದು ಅಭಿಪ್ರಾಯ ಮಾತ್ರ. ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ. ಕುಡಿಯುವ ನೀರನ್ನು ಗಣಿ ಕಂಪನಿಯ ಬಳಿ ಬೇಡಬೇಕಾದ ಊರು ಅದೇ ಕಂಪನಿಯ ಎದುರು ಬೇಡ ಎನ್ನುವುದಾದರೂ ಹೇಗೆ?

2024ರಲ್ಲಿ ಮಾತ್ರ ಸ್ವಲ್ಪ ಬೇರೆಯಾಯಿತು. ಕೇಂದ್ರ ಸರ್ಕಾರದ ಕೆಐಒಸಿಎಲ್ ಕಂಪನಿಗೆ ದೇವದಾರಿ ಗುಡ್ಡದಲ್ಲಿ ಗಣಿ ಲೀಸು ಮೊದಲೇ ಆಗಿತ್ತು. ಆ ವರ್ಷದ ಜೂನ್‌ನಲ್ಲಿ ಎಚ್.ಡಿ. ಕುಮಾರಸ್ವಾಮಿ ಕೇಂದ್ರ ಉಕ್ಕು ಸಚಿವರಾಗಿ ಅಧಿಕಾರ ವಹಿಸಿಕೊಂಡೊಡನೆ ಅದಕ್ಕೆ ಸಂಬಂಧಿಸಿದ ಕಡತಕ್ಕೆ ಸಹಿ ಹಾಕಿದರು. 401 ಹೆಕ್ಟೇರ್ ಅರಣ್ಯ, 99,330 ಮರಗಳು. ಆ ಸಂಖ್ಯೆ ಪತ್ರಿಕೆಗಳಲ್ಲಿ ಬಂದದ್ದೇ ತಡ, ಸಂಡೂರಿನಿಂದ ಬೆಂಗಳೂರಿನವರೆಗೆ ಕೂಗು ಎದ್ದಿತು. ಅರಣ್ಯ ಸಚಿವ ಈಶ್ವರ ಖಂಡ್ರೆ ಜಮೀನು ಹಸ್ತಾಂತರಿಸದಂತೆ ಅಧಿಕಾರಿಗಳಿಗೆ ಸೂಚಿಸಿದರು. ಕುದುರೆಮುಖದಲ್ಲಿ ಇದೇ ಕಂಪನಿ 2005ರ ಕೊನೆಯವರೆಗೆ ಗಣಿ ನಡೆಸಿತ್ತು; ಅಲ್ಲಿನ ಅರಣ್ಯದ ಬಾಕಿ ಇನ್ನೂ ತೀರಿಸಿಲ್ಲ ಎಂಬುದು ರಾಜ್ಯ ಕೊಟ್ಟ ಕಾರಣ. ಅರಣ್ಯ ಇಲಾಖೆಯ ಸ್ಥಳೀಯ ಅಧಿಕಾರಿಗಳು ಬಹಳ ಹಿಂದೆಯೇ ಇದು ದಟ್ಟ ಕಾಡು, ಅಗೆದರೆ ಗುಡ್ಡ ಕುಸಿಯುವ ಅಪಾಯವಿದೆ ಎಂದು ಬರೆದಿದ್ದರು. ಅವರ ಮಾತು ಆಗ ಯಾರಿಗೂ ಬೇಕಾಗಿರಲಿಲ್ಲ.

ಒಂದು ಪಕ್ಷ ಬೇಡವೆಂದದ್ದನ್ನು ಇನ್ನೊಂದು ಪಕ್ಷ ಬೇಕೆಂದಿತು; ನವೆಂಬರಿನ ಸಂಡೂರು ಉಪಚುನಾವಣೆಯಲ್ಲೂ ಗಣಿಯ ಮಾತು ಬಂತು, ಹೋಯಿತು. ಕೆಐಒಸಿಎಲ್ ಗಣಿಯನ್ನು ಗಟ್ಟಿಯಾಗಿ ವಿರೋಧಿಸಿದ ರಾಜಕಾರಣಿಗಳು ಪಕ್ಕದ ಗುಡ್ಡದ ಖಾಸಗಿ ಗಣಿಯ ವಿಸ್ತರಣೆಯ ಬಗ್ಗೆ ಅಷ್ಟೇ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಮತ್ತೆ ಅದೇ ಹಳೆಯ ರೂಢಿ. ಕರಡಿಗೆ ದೇವದಾರಿಗೂ ಸ್ವಾಮಿಮಲೆಗೂ ನಡುವಿನ ಲೀಸಿನ ಗಡಿಕಲ್ಲು ಕಾಣುವುದಿಲ್ಲ; ಇಳಿಯುವ ನೀರಿಗೂ ಕಾಣುವುದಿಲ್ಲ. ಇದು ಒಂದೇ ಕಾಡು. ತುಂಡು ತುಂಡಾಗಿ ಅನುಮತಿ ಕೊಟ್ಟರೆ ಪ್ರತಿ ತುಂಡೂ ಚಿಕ್ಕದಾಗಿ ಕಾಣುತ್ತದೆ.

ಕಡಿದದ್ದಕ್ಕೆ ಬದಲಿಯಾಗಿ ಬೇರೆಡೆ ಗಿಡ ನೆಡುತ್ತೇವೆ ಎಂಬ ಭರವಸೆಯನ್ನು ಪ್ರತಿ ಕಡತದಲ್ಲೂ ಓದಬಹುದು. ಈ ಗುಡ್ಡಗಳ ನೆತ್ತಿಯಲ್ಲಿ ಅದಿರಿನ ಗಟ್ಟಿ ಪದರದ ಮೇಲೆ ತೆಳುವಾದ ಮಣ್ಣಿದೆ. ಆ ತೆಳು ಮಣ್ಣಿನಲ್ಲಿ, ಮಳೆ ಕಡಿಮೆ ಬೀಳುವ ಸೀಮೆಯಲ್ಲಿ, ಬಿರುಕಿಗೆ ಬೇರಿಳಿಸಿ ನಿಂತ ಕಮರದ ಮರ ತೊಡೆಗಾತ್ರ ಆಗಲು ಒಂದು ತಲೆಮಾರು ಹಿಡಿಯುತ್ತದೆ. ಗಟ್ಟಿ ಪದರವನ್ನೇ ತೆಗೆದ ಮೇಲೆ ಉಳಿಯುವುದು ಬೆಂಚು ಬೆಂಚಾಗಿ ಕೊರೆದ ಬಂಡೆ. ಅಲ್ಲಿ ಡ್ರಿಪ್ ಹಾಕಿ ಬೆಳೆಸಿದ ಗಿಡಗಳನ್ನು ಹಸಿರು ಎನ್ನಬಹುದು, ಕಾಡು ಎನ್ನಲಾಗದು. ಇನ್ನು ನೂರಾರು ಕಿಲೋಮೀಟರ್ ಆಚೆ ಬಯಲಿನಲ್ಲಿ ನೆಟ್ಟ ಗಿಡದಿಂದ ಸ್ವಾಮಿಮಲೆಯ ಕೊಂಡುಕುರಿಗೆ ಆಗುವ ಉಪಕಾರವೇನು?

ಗಣಿ ಬೇಕೆನ್ನುವವರನ್ನು ದುಡ್ಡಿನ ಆಸೆಯವರೆಂದು ಬಗೆಯುವುದು ಅನ್ಯಾಯ. 2011ರಲ್ಲಿ ಗಣಿ ನಿಂತಾಗ ಬೀದಿಗೆ ಬಿದ್ದವರು ಧಣಿಗಳಲ್ಲ. ಅದಿರು ಒಡೆಯುತ್ತಿದ್ದವರು, ಡ್ರೈವರ್, ಕ್ಲೀನರ್, ಪಂಕ್ಚರ್ ಹಾಕುವವರು, ಊಟದ ಮೆಸ್ ನಡೆಸುತ್ತಿದ್ದ ಹೆಣ್ಣುಮಕ್ಕಳು. ಸಾವಿರಾರು ಕಾರ್ಮಿಕರು ಪುನರ್ವಸತಿ ಕೇಳುತ್ತ ವರ್ಷಗಟ್ಟಲೆ ಧರಣಿ ಕುಳಿತರು. ಅವರ ಹೊಟ್ಟೆಯ ಪ್ರಶ್ನೆಗೆ ಉತ್ತರ ಕೊಡದ ಪರಿಸರವಾದ ಸಂಡೂರಿನಲ್ಲಿ ಬೇರು ಬಿಡುವುದಿಲ್ಲ. ಲಾರಿ ಸಾಲದ ಕಂತು ಯಾರು ಕಟ್ತಾರ್ರೀ ಎಂಬ ಪ್ರಶ್ನೆಯ ಮುಂದೆ ಕರಡಿಯ ಮಾತು ನಿಲ್ಲುವುದೂ ಕಷ್ಟ. ಆದರೆ ಆ ಕಾರ್ಮಿಕರ ಹೆಸರಿನಲ್ಲಿ ಹೊಸ ಕಾಡು ಕೇಳುವವರು ಒಂದು ವಿಷಯ ಹೇಳದೆ ಬಿಡುತ್ತಾರೆ. ಕೈಯಿಂದ ಒಡೆಯುವ ಕೆಲಸ ಈಗ ಹೆಚ್ಚೇನೂ ಉಳಿದಿಲ್ಲ. ಹಿಟಾಚಿ ಅಗೆಯುತ್ತದೆ, ಕ್ರಷರ್ ಒಡೆಯುತ್ತದೆ, ಕನ್ವೇಯರ್ ಬೆಲ್ಟು ಬಂದರೆ ಲಾರಿಯೂ ಬೇಕಾಗುವುದಿಲ್ಲ. ಟನ್ನು ದುಪ್ಪಟ್ಟಾದರೆ ಕೂಲಿಯೂ ದುಪ್ಪಟ್ಟಾಗುತ್ತದೆ ಎಂಬ ಖಾತರಿ ಇಲ್ಲ.

ಉಕ್ಕು ಬೇಡ ಎಂದು ನಾನು ಹೇಳುತ್ತಿಲ್ಲ. ತೋರಣಗಲ್ಲಿನ ಕುಲುಮೆಗೆ ಅದಿರು ಬೇಕು, ಮನೆ ಕಟ್ಟುವ ನಮಗೆಲ್ಲ ಕಂಬಿ ಬೇಕು. ಆದರೆ ಈಗಾಗಲೇ ಒಡೆದು ಹಾಕಿದ ಗುಡ್ಡಗಳಲ್ಲಿ ಅದಿರು ಮುಗಿದಿಲ್ಲ. ರದ್ದಾದ ಸಿ ಗುಂಪಿನ ಲೀಸುಗಳ ಹರಾಜು ವರ್ಷಗಟ್ಟಲೆ ಎಳೆದಿದೆ. ಮರ ಹೋಗಿ, ಮಣ್ಣು ಹೋಗಿ, ಬಾಯಿ ತೆರೆದು ಬಿದ್ದಿರುವ ಆ ಜಾಗಗಳಲ್ಲಿ ಅದಿರು ಇರುವಷ್ಟು ದಿನ ಮುಟ್ಟದ ಕಾಡಿಗೆ ಹೊಸದಾಗಿ ಕೈ ಹಾಕಲು ಕಾರಣವೇ ಇಲ್ಲ. ಅಲ್ಲಿ ಅಗೆಯುವುದಕ್ಕೆ ಖರ್ಚು ಹೆಚ್ಚು, ಹಿಂದಿನವರ ಡಂಪು ಸರಿಸಬೇಕು, ಕುಸಿದ ಗೋಡೆ ಕಟ್ಟಬೇಕು ಎಂಬುದು ಕಂಪನಿಗಳ ಅಳಲು. ಅದು ಅವರ ಲಾಭದ ಲೆಕ್ಕ. ಸ್ವಾಮಿಮಲೆ ಅದನ್ನು ತುಂಬಿಕೊಡಬೇಕಾಗಿಲ್ಲ.

ಉಳಿದ ಕಾಡಿಗೆ ಏನು ಮಾಡಬೇಕೆಂಬುದಕ್ಕೆ ಹೊಸ ಕಾನೂನು ಬೇಡ. ದರೋಜಿಯಲ್ಲಿ 1994ರಲ್ಲಿ ಕರಡಿಧಾಮ ಆಯಿತು. ಬೋಳು ಬಂಡೆಗುಡ್ಡವೆಂದು ಕಡೆಗಣಿಸಿದ್ದ ಜಾಗದಲ್ಲಿ ಈಗ ಮರಿ ಹೊತ್ತ ಕರಡಿಗಳನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಸ್ವಾಮಿಮಲೆಗೆ ಅಭಯಾರಣ್ಯದಷ್ಟು ಬಿಗಿಯಾದ ಬೇಲಿಯೂ ಬೇಕಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 36ಎ ಕಲಮಿನಡಿ ಸರ್ಕಾರಿ ಜಮೀನನ್ನು ಸಂರಕ್ಷಣಾ ಮೀಸಲು ಪ್ರದೇಶವೆಂದು ರಾಜ್ಯ ಸರ್ಕಾರವೇ ಘೋಷಿಸಬಹುದು. ಅದಕ್ಕೆ ಮುಂಚೆ ಸ್ಥಳೀಯ ಜನರೊಂದಿಗೆ ಸಮಾಲೋಚನೆ ಕಡ್ಡಾಯ. ಸಲಹಾ ಸಮಿತಿಯಲ್ಲಿ ಆ ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬ ಪ್ರತಿನಿಧಿ ಇರಲೇಬೇಕು. ದೇವದಾರಿಯನ್ನು ಹಸ್ತಾಂತರಿಸುವುದಿಲ್ಲ ಎಂದು ಹೇಳಿದ ಸರ್ಕಾರ ಆ ಮಾತನ್ನು ಮುಂದಿನ ಸರ್ಕಾರ ಅಳಿಸದಂತೆ ಮಾಡಲು ಇರುವ ದಾರಿ ಇದೇ. ಅಧಿಸೂಚನೆ ಹೊರಡಿಸುವುದು ಬೆಂಗಳೂರಿನಲ್ಲಿ. ಸಮಾಲೋಚನೆ ಮಾತ್ರ ಸುಶೀಲಾನಗರ, ಕಮ್ಮತ್ತೂರು, ಸುಬ್ಬರಾಯನಹಳ್ಳಿಯಂಥ ಹಳ್ಳಿಗಳಲ್ಲಿ ನಡೆಯಲಿ. ಶಾಮಿಯಾನದ ಖರ್ಚು ಈ ಸಲ ಸರ್ಕಾರದ್ದಿರಲಿ, ಆಂಬುಲೆನ್ಸಿನ ಬೇಡಿಕೆಯನ್ನು ಅದಕ್ಕೆ ಮೊದಲೇ, ಕೆಟ್ಟುಹೋದದ್ದನ್ನು ಸರಿಪಡಿಸಲೆಂದು ಬಂದ ನಿಧಿಯಿಂದ ತೀರಿಸಿರಲಿ.